ಕಾಗದ ನನ್ನದು, ಮಾತು ಯಾರದು?

ಈ ಸಲದ ಸಂಚಿಕೆಯಲ್ಲಿ ‘ಊರಿನಿಂದ ಬಂದ ಪತ್ರ’ ಎಂಬ ಒಂದು ವಿಭಾಗ ಇರಲಿ ಎಂದು ಸಂಪಾದಕ ಮಂಡಳಿಯ ಸಭೆಯಲ್ಲಿ ಸೂಚಿಸಿದವನು ನಾನೇ. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದವರು ಇನ್ನೂ ಕೆಲವರಿದ್ದಾರೆ. ಮನೆ ಬಾಗಿಲಿಗೆ ಅಂಚೆ ಬರುವ ಪದ್ಧತಿ ಈ ದೇಶದಲ್ಲಿ ಇರಲಿಲ್ಲ. ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದ ಪತ್ರಗಳನ್ನು ಗುರುವಾರ ಸಂಜೆ ಹಂಚುತ್ತಿದ್ದರು. ಅವತ್ತು ಹೆಸರು ಕರೆಯದಿದ್ದರೆ ಆ ವಾರ ಊಟ ರುಚಿಸುತ್ತಿರಲಿಲ್ಲ. ಅಂಥ ಪತ್ರಗಳು ಯಾರ ಹತ್ತಿರವಾದರೂ ಉಳಿದಿದ್ದರೆ ಒಂದೊಂದು ಅಚ್ಚು ಹಾಕೋಣ ಎಂಬುದು ನನ್ನ ಆಲೋಚನೆಯಾಗಿತ್ತು.

ನನ್ನ ಹತ್ತಿರ ಒಂದು ಬಿಸ್ಕತ್ ಡಬ್ಬಿ ತುಂಬ ಇವೆ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಏರೋಗ್ರಾಮಿನ ಮಡಿಕೆಯ ಅಂಚಿನವರೆಗೂ ಜಾಗ ಬಿಡದೆ ಬರೆಯುವವರು. 1988ರ ಆಟಿ ತಿಂಗಳಲ್ಲಿ ಬರೆದ ಒಂದು ಪತ್ರವನ್ನು ಆರಿಸಿದೆ. ಮಳೆ ಬಿಡದೆ ಅಡಿಕೆಗೆ ಕೊಳೆ ರೋಗ ಬಂದದ್ದು, ಮದ್ದು ಬಿಡಲು ಜನ ಸಿಗದೆ ತಾವೇ ಏಣಿ ಹಿಡಿದು ನಿಂತದ್ದು, ಅಕ್ಕನಿಗೆ ಬಂದ ಸಂಬಂಧವೊಂದು ಮಾತುಕತೆಯ ಹಂತದಲ್ಲೇ ಮುರಿದು ಹೋದದ್ದು, ಎಲ್ಲ ಅದರಲ್ಲಿದೆ. ಫೋಟೋ ತೆಗೆದು ಪುತ್ತೂರಿನಲ್ಲಿರುವ ಅಕ್ಕನಿಗೆ ಕಳಿಸಿದೆ. ಖುಷಿಪಟ್ಟಾಳು ಎಂದುಕೊಂಡಿದ್ದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. “ಅದು ಅಪ್ಪ ನಿನಗೆ ಬರೆದದ್ದು ಮಾರಾಯ, ಊರಿಗೆಲ್ಲ ಬರೆದದ್ದಲ್ಲ. ಕಾಗದ ನಿನ್ನ ಹತ್ರ ಇದೆ ಅಂತ ಅದರಲ್ಲಿ ಇರುವ ಮಾತೂ ನಿನ್ನದಾಗ್ತದಾ?”

ನನಗೆ ಸ್ವಲ್ಪ ಬೇಸರವೇ ಆಯಿತು. ಆದರೆ ಮೂವತ್ತು ವರ್ಷ ಕಚೇರಿಯಲ್ಲಿ ಕರಾರುಪತ್ರಗಳನ್ನು ನೋಡಿಕೊಂಡು ಬಂದವನಾದ್ದರಿಂದ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಹುಡುಕುತ್ತ ಹೋದಾಗ, ಅಕ್ಕ ಫೋನಿನಲ್ಲಿ ಕೇಳಿದ್ದನ್ನೇ ಲಂಡನ್ನಿನ ನ್ಯಾಯಾಧೀಶರೊಬ್ಬರು 1741ರಲ್ಲಿ ತೀರ್ಪಾಗಿ ಹೇಳಿದ್ದರೆಂದು ತಿಳಿಯಿತು.

ಕಥೆ ಸ್ವಾರಸ್ಯವಾಗಿದೆ. ಅಲೆಕ್ಸಾಂಡರ್ ಪೋಪ್ ಆ ಕಾಲದ ದೊಡ್ಡ ಇಂಗ್ಲಿಷ್ ಕವಿ. ಎಡ್ಮಂಡ್ ಕರ್ಲ್ ಎಂಬವನು ಪುಸ್ತಕ ವ್ಯಾಪಾರಿ. ಯಾರ ಬರಹ ಸಿಕ್ಕಿದರೂ ಕೇಳದೆ ಅಚ್ಚು ಹಾಕಿ ಮಾರುವುದರಲ್ಲಿ ಹೆಸರುವಾಸಿ. ಪೋಪನಿಗೆ ತನ್ನ ಪತ್ರಗಳು ಪುಸ್ತಕವಾಗಬೇಕೆಂಬ ಆಸೆ. ಆದರೆ ತನ್ನ ಖಾಸಗಿ ಪತ್ರಗಳನ್ನು ತಾನೇ ಅಚ್ಚು ಹಾಕಿಸುವುದು ಆಗಿನ ಮರ್ಯಾದೆಗೆ ಕಡಿಮೆ. ಅದಕ್ಕೆ ಅವನು ಮಾಡಿದ ಉಪಾಯ ನೋಡಿ: ಗುಟ್ಟಾಗಿ ಪತ್ರಗಳನ್ನು ಮುದ್ರಿಸಿ, ಸುಳ್ಳು ಹೆಸರಿನ ಮಧ್ಯವರ್ತಿಯ ಮೂಲಕ ಅವು ಕರ್ಲ್‌ನ ಕೈ ಸೇರುವಂತೆ ಮಾಡಿದ. 1735ರಲ್ಲಿ ಕರ್ಲ್ ಅವನ್ನು ಮಾರಾಟಕ್ಕಿಟ್ಟ ಕೂಡಲೇ ‘ನನ್ನ ಪತ್ರ ಕದ್ದರು’ ಎಂದು ಬೊಬ್ಬೆ ಹೊಡೆದ. ಆಮೇಲೆ ‘ತಪ್ಪು ತಪ್ಪಾಗಿ ಹೊರಬಂದದ್ದನ್ನು ಸರಿಪಡಿಸಲು’ ಎಂಬ ನೆಪದಲ್ಲಿ 1737ರಲ್ಲಿ ತನ್ನದೇ ಆವೃತ್ತಿ ತಂದ. ಕವಿಗಳ ಬುದ್ಧಿ ಎಲ್ಲ ಕಾಲದಲ್ಲೂ ಹೀಗೆಯೇ ಇರಬೇಕು.

1741ರಲ್ಲಿ ಕರ್ಲ್ ಮತ್ತೊಂದು ಪುಸ್ತಕ ತಂದ. ಅದರಲ್ಲಿ ಪೋಪ್ ಮತ್ತು ಜೊನಾಥನ್ ಸ್ವಿಫ್ಟ್ ಪರಸ್ಪರ ಬರೆದ ಪತ್ರಗಳಿದ್ದವು. ಈ ಬಾರಿ ಪೋಪ್ ನೇರವಾಗಿ ಕೋರ್ಟಿಗೆ ಹೋದ. ಕರ್ಲ್‌ನ ವಾದ ಸರಳ: ಕಳಿಸಿದ ಮೇಲೆ ಪತ್ರ ಪಡೆದವನಿಗೆ ಕೊಟ್ಟ ಉಡುಗೊರೆ, ಬರೆದವನಿಗೆ ಅದರ ಮೇಲೆ ಏನು ಹಕ್ಕು? ಲಾರ್ಡ್ ಹಾರ್ಡ್‌ವಿಕ್ ಒಪ್ಪಲಿಲ್ಲ. ಪಡೆದವನಿಗೆ ಹೆಚ್ಚೆಂದರೆ ಕಾಗದದ ಮೇಲೆ ಹಕ್ಕಿರಬಹುದು, ಲೋಕಕ್ಕೆಲ್ಲ ಪ್ರಕಟಿಸುವ ಅನುಮತಿ ಅದರಿಂದ ಬರುವುದಿಲ್ಲ ಎಂದರು. ಮನೆವಾರ್ತೆಯ ಪತ್ರಗಳು ಗ್ರಂಥಗಳಲ್ಲ, ಅವಕ್ಕೆ ರಕ್ಷಣೆ ಬೇಡ ಎಂಬ ವಾದವನ್ನೂ ತಳ್ಳಿಹಾಕಿದರು. ತೀರ್ಪಿನ ಸೂಕ್ಷ್ಮ ಇನ್ನೊಂದಿದೆ. ತಡೆಯಾಜ್ಞೆ ಸಿಕ್ಕಿದ್ದು ಪೋಪ್ ಬರೆದ ಪತ್ರಗಳಿಗೆ ಮಾತ್ರ. ಪೋಪನಿಗೆ ಬಂದ ಪತ್ರಗಳಿಗೆ ಸಿಗಲಿಲ್ಲ, ಏಕೆಂದರೆ ಅವು ಅವನವಲ್ಲ. ಅವನ್ನು ಕೇಳುವುದಿದ್ದರೆ ಬರೆದವರೇ ಬರಬೇಕು.

ಇವತ್ತಿಗೂ ಬಹುತೇಕ ದೇಶಗಳ ಕಾನೂನು ಈ ದಾರಿಯಲ್ಲೇ ಇದೆ. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಬೇಕಿಲ್ಲ, ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ನಾವಿರುವ ಎಮಿರೇಟ್ಸ್ ಸಹ 2004ರಲ್ಲಿ ಬರ್ನ್ ಒಪ್ಪಂದಕ್ಕೆ ಸೇರಿದೆ. ಹಾಗಾಗಿ ಅಲ್ಲಿಯವರ ಬರಹಕ್ಕೆ ಇಲ್ಲಿಯೂ ಇಲ್ಲಿಯವರ ಬರಹಕ್ಕೆ ಅಲ್ಲಿಯೂ ರಕ್ಷಣೆ ಇದೆ. ಬರೆದದ್ದು ಏರೋಗ್ರಾಮಿನಲ್ಲೋ ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಎಂಬುದು ಮುಖ್ಯವಲ್ಲ. ‘ಶುಭೋದಯ’ ಎಂಬಷ್ಟರ ಮೇಲೆ ಯಾರಿಗೂ ಹಕ್ಕಿಲ್ಲ, ಆದರೆ ಸ್ವಂತ ಬುದ್ಧಿ ಖರ್ಚು ಮಾಡಿ ಬರೆದ ನಾಲ್ಕು ಸಾಲಿನ ಮೇಲೆ ಇದೆ.

ಅಪ್ಪ 1996ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಮೇಲೆ ಕಾಗದ ನನ್ನದಾದರೂ ಮಾತು ನಾವು ಮೂವರು ಮಕ್ಕಳದು. ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಎಂಬುದು ಭಾರತದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಲೆಕ್ಕವೇ ಬೇರೆ: ಅದು ಮೊದಲು ಪ್ರಕಟವಾದ ಮರುವರ್ಷದಿಂದ 60 ವರ್ಷ. ಡಬ್ಬಿಯಲ್ಲಿ ಇರುವಷ್ಟು ಕಾಲ ಗಡಿಯಾರ ಶುರುವೇ ಆಗುವುದಿಲ್ಲ. ಈ ಸಂಚಿಕೆಯಲ್ಲಿ ನಾನು ಅಚ್ಚು ಹಾಕಿದರೆ ಅದನ್ನು ಓಡಲು ಬಿಟ್ಟವನು ನಾನಾಗುತ್ತೇನೆ.

ಇಷ್ಟಾಗುವಾಗ ಮಂಡಳಿಗೆ ಇನ್ನೊಂದು ತಲೆನೋವು ಬಂತು. ತಾಯಿಯ ಬಗ್ಗೆ ಒಂದು ಕವಿತೆ ಮೂರು ಮಂದಿಯಿಂದ ಬಂತು, ಮೂರೂ ವಾಟ್ಸಾಪಿನಲ್ಲಿ. ಒಂದರ ಕೆಳಗೆ ಕಳಿಸಿದವರದೇ ಹೆಸರು, ಇನ್ನೊಂದರ ಕೆಳಗೆ ಯಾರೋ ಪ್ರಸಿದ್ಧ ಕವಿಯ ಹೆಸರು, ಮೂರನೆಯದರ ಕೆಳಗೆ ‘ಸಂಗ್ರಹ’. ಕವಿತೆ ಚೆನ್ನಾಗಿತ್ತು, ಅದೇ ಕಷ್ಟ. ಯಾರು ಬರೆದದ್ದೆಂದು ಸಾಬೀತು ಮಾಡಲು ದಾರಿ ಕಾಣದೆ ಕೈಬಿಟ್ಟೆವು. ಅಪ್ಪನ ಪತ್ರದಲ್ಲಾದರೆ ಅಕ್ಷರವೇ ಸಾಕ್ಷಿ. ‘ರ’ಕಾರದ ಕೆಳಗೆ ಅವರು ಎಳೆಯುತ್ತಿದ್ದ ಬಾಲವನ್ನು ನೂರು ಪತ್ರಗಳ ನಡುವೆಯೂ ಗುರುತಿಸಬಲ್ಲೆ. ಫೋನಿನ ಪರದೆಯಲ್ಲಿ ಎಲ್ಲರ ಅಕ್ಷರವೂ ಒಂದೇ. “ಈಗ ಡಿಜಿಟಲ್ ಸಹಿ ಅಂತ ಇದೆಯಲ್ಲ, ಅದನ್ನು ಹಾಕಿ ಕಳಿಸಲಿ” ಎಂದರು ಮಂಡಳಿಯ ಕಿರಿಯರೊಬ್ಬರು. ಒಳ್ಳೆಯ ಮಾತೇ, ಆದರೆ ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ನೋಡಬೇಕು.

ಡಿಜಿಟಲ್ ಸಹಿ ಎಂದರೆ ಕಾಗದದಲ್ಲಿ ಗೀಚಿದ ಸಹಿಯ ಫೋಟೋ ಅಲ್ಲ. ಅದರ ಕಲ್ಪನೆಯನ್ನು ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರ ಒಂದು ಪ್ರಬಂಧದಲ್ಲಿ ಮುಂದಿಟ್ಟರು. ಒಬ್ಬನಿಗೆ ಒಂದಲ್ಲ, ಜೋಡಿ ಕೀಲಿ ಇರಬೇಕು. ಒಂದು ಅವನ ಬಳಿ ಗುಟ್ಟಾಗಿ, ಇನ್ನೊಂದು ಊರಿಗೆಲ್ಲ ತಿಳಿಯುವಂತೆ. ಗುಟ್ಟಿನ ಕೀಲಿಯಿಂದ ಹಾಕಿದ ಗುರುತನ್ನು ಬಹಿರಂಗ ಕೀಲಿಯಿಂದ ಯಾರೂ ಪರೀಕ್ಷಿಸಬಹುದು, ಹಾಕಲು ಮಾತ್ರ ಒಬ್ಬನಿಂದಲೇ ಸಾಧ್ಯ. ಆದರೆ ಇದನ್ನು ಮಾಡಿ ತೋರಿಸುವ ಗಣಿತ ಅವರ ಕೈಯಲ್ಲಿರಲಿಲ್ಲ. ಎಂಐಟಿಯ ಮೂವರು, ರಿವೆಸ್ಟ್, ಶಮೀರ್, ಏಡಲ್‌ಮನ್, ಅದರ ಹಿಂದೆ ಬಿದ್ದರು. 1977ರ ಏಪ್ರಿಲ್‌ನ ಒಂದು ಹಬ್ಬದ ರಾತ್ರಿ ಊಟ ಮುಗಿಸಿ ಬಂದ ರಿವೆಸ್ಟ್‌ಗೆ ನಿದ್ದೆ ಬರದೆ ಕೂತಾಗ ದಾರಿ ಹೊಳೆಯಿತು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧ ನೋಡಿ ಮೂಲ ಸಂಖ್ಯೆಗಳನ್ನು ಹುಡುಕುವುದು ಮಹಾ ಕಷ್ಟ. ಇಡೀ ಉಪಾಯ ಈ ಒಂದು ಸಂಗತಿಯ ಮೇಲೆ ನಿಂತಿದೆ.

ನನಗೆ ಗಣಿತಕ್ಕಿಂತ ಹಿಡಿಸಿದ್ದು ಆಮೇಲಿನ ಪ್ರಸಂಗ. ರಿವೆಸ್ಟ್ ಬರೆದ ಪ್ರಬಂಧದಲ್ಲಿ ತನ್ನ ಹೆಸರನ್ನೂ ಕಂಡ ಏಡಲ್‌ಮನ್, ತೆಗೆದುಬಿಡಿ, ಇದರಲ್ಲಿ ನನ್ನ ಕೆಲಸವೇನೂ ಇಲ್ಲ ಎಂದರಂತೆ. ಉಳಿದ ಇಬ್ಬರು ತರುವ ಒಂದೊಂದು ಉಪಾಯವನ್ನೂ ಮುರಿದು ತೋರಿಸುವುದು ಅವರ ಪಾಲಿನ ಕೆಲಸವಾಗಿತ್ತು. ರಿವೆಸ್ಟ್ ಬಿಡಲಿಲ್ಲ. ಕೊನೆಗೆ, ಹೆಸರು ಕೊನೆಯಲ್ಲಿರಲಿ ಎಂಬ ಷರತ್ತಿನ ಮೇಲೆ ಒಪ್ಪಿದರು. ಅದಕ್ಕೇ ಇವತ್ತು ಜಗತ್ತೆಲ್ಲ ಅದನ್ನು ಆರ್‌ಎಸ್‌ಎ ಎಂದು ಕರೆಯುವುದು. ಅಕಾರಾದಿಯಲ್ಲಿ ಬರೆದಿದ್ದರೆ ‘ಎ’ ಮೊದಲು ಬರುತ್ತಿತ್ತು.

ಇದಕ್ಕಿಂತ ಕಹಿಯಾದ ಸಂಗತಿ ಇಂಗ್ಲೆಂಡಿನದು. ಅಲ್ಲಿನ ಗುಪ್ತಚರ ಸಂಸ್ಥೆಯಾದ ಜಿಸಿಎಚ್‌ಕ್ಯೂದಲ್ಲಿ ಜೇಮ್ಸ್ ಎಲ್ಲಿಸ್ 1970ರ ಹೊತ್ತಿಗೇ ಬಹಿರಂಗ ಕೀಲಿಯ ಗೂಢಲಿಪಿ ಸಾಧ್ಯ ಎಂದು ತೋರಿಸಿದ್ದರು. 1973ರಲ್ಲಿ ಕೆಲಸಕ್ಕೆ ಹೊಸಬರಾದ ಕ್ಲಿಫರ್ಡ್ ಕಾಕ್ಸ್ ಅದೇ ಗಣಿತವನ್ನು ಕಂಡುಹಿಡಿದರು. ಸಹಿಗೆ ಅದನ್ನು ಬಳಸುವ ವಿಚಾರ ಅಮೆರಿಕದವರದೇ, ಆದರೆ ಕೀಲಿಯ ಗುಟ್ಟು ಮೊದಲು ತಿಳಿದದ್ದು ಇವರಿಗೆ. ಸರ್ಕಾರಿ ರಹಸ್ಯವಾದ್ದರಿಂದ ಬಾಯಿಬಿಡುವಂತಿರಲಿಲ್ಲ. ಬೇರೆಯವರು ಪ್ರಶಸ್ತಿ ಪಡೆಯುವುದನ್ನು, ಪೇಟೆಂಟ್ ಮಾಡಿಕೊಳ್ಳುವುದನ್ನು ಸುಮ್ಮನೆ ನೋಡುತ್ತ ಕೂತರು. 1997ರ ಡಿಸೆಂಬರಿನಲ್ಲಿ ವಿಷಯ ಹೊರಬಂತು. ಎಲ್ಲಿಸ್ ಅದಕ್ಕೆ ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದರು. ಜಗತ್ತಿಗೆ ಸಹಿ ಹಾಕುವ ಹೊಸ ಕ್ರಮ ಬಂದ ಕಥೆಯಲ್ಲೇ, ಕೆಲಸ ಯಾರದು, ಹೆಸರು ಯಾರದು ಎಂಬ ಪ್ರಶ್ನೆ ಹೀಗೆ ಸಿಕ್ಕಿಹಾಕಿಕೊಂಡಿದೆ.

ಸಹಿ ಕೆಲಸ ಮಾಡುವ ರೀತಿ ಹೀಗೆ. ಕಂಪ್ಯೂಟರು ಮೊದಲು ನಿಮ್ಮ ಇಡೀ ಸಂದೇಶವನ್ನು ಅರೆದು ಒಂದು ಸಣ್ಣ ಸಂಖ್ಯೆ ಮಾಡುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಆ ಸಂಖ್ಯೆಗೆ ನಿಮ್ಮ ಗುಟ್ಟಿನ ಕೀಲಿ ಮುದ್ರೆ ಒತ್ತುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಚುಕ್ಕಿ ತಿದ್ದಿದರೂ ಹ್ಯಾಶ್ ಪೂರ್ತಿ ಬದಲಾಗಿ ಮುದ್ರೆ ಹೊಂದುವುದಿಲ್ಲ. ಕನ್ನಡಕ್ಕೆ ಇದರಲ್ಲೊಂದು ತಮಾಷೆಯೂ ಇದೆ. ಯೂನಿಕೋಡಿನಲ್ಲಿ ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ ‘ಕೊ’. ಮೊದಲೇ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಯಂತ್ರಕ್ಕೆ ಅವು ಎರಡು ಬೇರೆ ಬರಹ. ಅರ್ಥ ಕೆಡದಿದ್ದರೂ ಮುದ್ರೆ ಕೆಡುತ್ತದೆ.

ಕಾನೂನು ಇದನ್ನು ಒಪ್ಪಲು ಇಪ್ಪತ್ತು ವರ್ಷ ತೆಗೆದುಕೊಂಡಿತು. ಅಮೆರಿಕದ ಯೂಟಾ ರಾಜ್ಯ 1995ರಲ್ಲಿ ಡಿಜಿಟಲ್ ಸಹಿಗೆಂದೇ ಕಾಯ್ದೆ ಮಾಡಿತು. ವಿಶ್ವಸಂಸ್ಥೆ 1996ರಲ್ಲಿ ಒಂದು ಮಾದರಿ ಕಾನೂನು ಕೊಟ್ಟಿತು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಿಂದ ಜಾರಿಯಾಯಿತು. ದುಬೈ 2002ರಲ್ಲಿ ತನ್ನ ಕಾನೂನು ತಂದಿತು, ಒಕ್ಕೂಟ ಸರ್ಕಾರ 2006ರಲ್ಲಿ ಮತ್ತು ಮತ್ತೆ 2021ರಲ್ಲಿ. ಈಗ ನಮ್ಮಲ್ಲಿ ಎಷ್ಟೋ ಜನ ಬಾಡಿಗೆ ಕರಾರಿನಿಂದ ಹಿಡಿದು ಬ್ಯಾಂಕಿನ ಅರ್ಜಿಯವರೆಗೆ ಯುಎಇ ಪಾಸ್ ಒತ್ತಿ ಸಹಿ ಮಾಡುತ್ತೇವೆ, ಪೆನ್ನು ಎಲ್ಲಿಟ್ಟೆವೆಂದೇ ನೆನಪಿರುವುದಿಲ್ಲ.

ಆದರೆ ಊರಿನ ಜಾಗದ ವಿಷಯ ಬಂದಾಗ ನೆನಪಾಗುತ್ತದೆ. ಭಾರತದ ಕಾಯ್ದೆ ಕೆಲವು ದಾಖಲೆಗಳನ್ನು ಶುರುವಿನಿಂದಲೂ ಹೊರಗಿಟ್ಟಿದೆ. 2022ರಲ್ಲಿ ಆ ಪಟ್ಟಿ ಸ್ವಲ್ಪ ಸಡಿಲವಾದರೂ ಉಯಿಲು ಈಗಲೂ ಹೊರಗೇ. ಅಣ್ಣತಮ್ಮಂದಿರಿಗೆ ಕೊಡುವ ಪವರ್ ಆಫ್ ಅಟಾರ್ನಿಯೂ ಹೊರಗೇ. ತೋಟದ ಪಾಲಿನ ಸಮಯದಲ್ಲಿ ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡಲು ನಾನು ಅರ್ಧ ದಿನ ರಜೆ ಹಾಕಿ, ಫೋಟೋ ಅಂಟಿಸಿಕೊಂಡು, ಸಾಲಿನಲ್ಲಿ ನಿಂತು, ಅಧಿಕಾರಿಯ ಎದುರೇ ಸಹಿ ಹಾಕಿ ಬಂದವನು. ಕೆಲವರಿಗೆ ಇದು ಕಿರಿಕಿರಿ. ನನಗೆ ಹಾಗೆನಿಸುವುದಿಲ್ಲ. ಗುಟ್ಟಿನ ಕೀಲಿ ಇರುವ ಫೋನು ಯಾರ ಕೈಯಲ್ಲಿತ್ತು ಎಂಬುದನ್ನು ಯಾವ ಗಣಿತವೂ ಹೇಳುವುದಿಲ್ಲ. ವಯಸ್ಸಾದವರ ಜಮೀನು ಒಂದು ಬೆರಳಿನ ಒತ್ತಿಗೆ ಹೋಗದಿರಲಿ ಎಂಬ ಭಯಕ್ಕೆ ಕಾರಣವಿದೆ.

ಇಂಗ್ಲೆಂಡಿನ ನ್ಯಾಯಾಲಯಗಳೂ ತಡಕಾಡಿವೆ. ಇಮೇಲಿನ ಕೊನೆಗೆ ಹೆಸರು ಬರೆಯದೆ ಒಬ್ಬರು ಸಾಲಕ್ಕೆ ಜಾಮೀನು ನಿಲ್ಲುವ ಮಾತು ಕೊಟ್ಟಿದ್ದರು. ಮೇಲೆ ತಾನಾಗಿ ಬರುವ ಇಮೇಲ್ ವಿಳಾಸ ಸಹಿ ಆಗುವುದಿಲ್ಲ ಎಂದು 2006ರಲ್ಲಿ ತೀರ್ಪಾಯಿತು. ಜಮೀನಿನ ಇನ್ನೊಂದು ಪ್ರಕರಣದಲ್ಲಿ, ಇಮೇಲಿನ ಕೆಳಗೆ ತಾನಾಗಿ ಅಂಟಿಕೊಳ್ಳುವ ಹೆಸರು ಮತ್ತು ವಿಳಾಸ ಸಹಿಯೇ ಆಗುತ್ತದೆ ಎಂದು 2019ರಲ್ಲಿ ಹೇಳಿದರು. ಆ ಸಾಲುಗಳನ್ನು ಹಿಂದೆ ಒಮ್ಮೆ ಯಾರೋ ಉದ್ದೇಶಪೂರ್ವಕವಾಗಿ ಕೂರಿಸಿದ್ದಾರಲ್ಲ ಎಂಬುದು ಕಾರಣ. ಕಚೇರಿಯ ಇಮೇಲಿನ ಕೆಳಗೆ ಹುದ್ದೆ ಸಮೇತ ಹೆಸರು ಕೂರಿಸಿಕೊಂಡವರು ಇದನ್ನು ಗಮನಿಸಬೇಕು.

ಈಗ ಕವಿತೆಗೆ ಮರಳುತ್ತೇನೆ. ಆ ಮೂವರೂ ಡಿಜಿಟಲ್ ಸಹಿ ಹಾಕಿಯೇ ಕಳಿಸಿದ್ದರೆ ಏನಾಗುತ್ತಿತ್ತು? ಮೂರು ಸಹಿಗಳೂ ಸರಿಯಾಗಿಯೇ ಹೊಂದುತ್ತಿದ್ದವು. ಈ ಕಡತ ಈ ಕೀಲಿಯಿಂದ ಬಂತು, ದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೇ ಸಹಿ ಹೇಳುತ್ತದೆ. ಪಕ್ಕದವರ ತೋಟದ ಅಡಿಕೆಯನ್ನು ನನ್ನ ಚೀಲಕ್ಕೆ ತುಂಬಿ ಬಾಯಿಗೆ ಅರಗು ಒತ್ತಿದರೆ, ಚೀಲ ನನ್ನಿಂದ ಹೋಯಿತು ಎಂಬುದಕ್ಕೆ ಅರಗು ಸಾಕ್ಷಿ, ಅಡಿಕೆ ಯಾರದ್ದೆಂಬುದಕ್ಕಲ್ಲ. ಸಂದೇಶ ಯಾರಿಂದ ಬಂತು ಎಂಬುದು ಒಂದು ಪ್ರಶ್ನೆ, ಯಾರದು ಎಂಬುದು ಇನ್ನೊಂದು. ತಂತ್ರಜ್ಞಾನ ಮೊದಲನೆಯದಕ್ಕೆ ಉತ್ತರ ಕೊಟ್ಟಿತು, ನಾವು ಎರಡಕ್ಕೂ ಕೊಟ್ಟಿತೆಂದು ತಿಳಿದುಕೊಂಡೆವು.

ವಾಟ್ಸಾಪಿನಲ್ಲಿ ಮೊದಲನೆಯ ಉತ್ತರವೂ ಪೂರ್ತಿ ಇಲ್ಲ. 2016ರ ಏಪ್ರಿಲ್‌ನಿಂದ ಅದರ ಸಂದೇಶಗಳೆಲ್ಲ ಗೂಢಲಿಪಿಯಲ್ಲಿ ಹೋಗುತ್ತವೆ. ಸಂದೇಶ ನಿಮ್ಮಿಂದಲೇ ಬಂತೆಂದು ನನ್ನ ಫೋನಿಗೆ ಖಾತ್ರಿ. ಆದರೆ ಆ ಖಾತ್ರಿಯ ಗುರುತು ಹಾಕುವ ಕೀಲಿ ಇಬ್ಬರ ಫೋನಿನಲ್ಲೂ ಇರುವುದರಿಂದ, ಮೂರನೆಯವರ ಮುಂದೆ ಅದು ಡಿಜಿಟಲ್ ಸಹಿಯಂತೆ ಸಾಕ್ಷಿ ನುಡಿಯುವುದಿಲ್ಲ. ಇದು ಕೊರತೆಯಲ್ಲ, ಬೇಕೆಂದೇ ಮಾಡಿದ್ದು: ಇಬ್ಬರು ಕೂತು ಆಡುವ ಮಾತಿನಂತಿರಲಿ, ಸ್ಟ್ಯಾಂಪ್ ಪೇಪರ್ ಆಗದಿರಲಿ ಎಂದು. 2018ರಲ್ಲಿ ‘ಫಾರ್ವರ್ಡೆಡ್’ ಎಂಬ ಪಟ್ಟಿ ಬಂತು. ಇದು ಕಳಿಸಿದವರದಲ್ಲ ಎಂದು ಅದು ಹೇಳುತ್ತದೆ, ಮತ್ತೆ ಯಾರದೆಂದು ಹೇಳುವುದಿಲ್ಲ. ನಕಲು ಮಾಡಿ ಅಂಟಿಸಿದರೆ ಅದೂ ಉದುರಿ ಹೋಗುತ್ತದೆ.

ಕನ್ನಡದಲ್ಲಿ ಸಹಿ ಹಾಕುವುದಕ್ಕೆ ‘ಅಂಕಿತ ಹಾಕು’ ಎನ್ನುತ್ತೇವೆ. ರಾಜ್ಯಪಾಲರು ಮಸೂದೆಗೆ ಹಾಕುವುದೂ ಅಂಕಿತ, ವಚನದ ಕೊನೆಗೆ ಬರುವುದೂ ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ಗುಹೇಶ್ವರ ಎಂದರೆ ಅಲ್ಲಮಪ್ರಭು. ಅಂಕಿತ ಪದ್ಯದ ಕೆಳಗೆ ಬೇರೆಯಾಗಿ ನಿಂತಿಲ್ಲ, ವಾಕ್ಯದೊಳಗೇ ಹೊಸೆದುಕೊಂಡಿದೆ. ಕತ್ತರಿಸಿದರೆ ಮಾತೇ ಅರ್ಧಕ್ಕೆ ನಿಲ್ಲುತ್ತದೆ. ತಾಳೆಗರಿಯಿಂದ ತಾಳೆಗರಿಗೆ, ಬಾಯಿಂದ ಬಾಯಿಗೆ ಎಂಟು ನೂರು ವರ್ಷ ಫಾರ್ವರ್ಡ್ ಆದರೂ ಅವು ಕರ್ತೃವನ್ನು ಕಳೆದುಕೊಳ್ಳದಿರಲು ಇದೇ ಮುಖ್ಯ ಕಾರಣ. ಹಾಗೆಂದು ಇದೂ ಪಕ್ಕಾ ಬೀಗವಲ್ಲ. ಅಂಕಿತ ಗೊತ್ತು, ಬರೆದವರು ಗೊತ್ತಿಲ್ಲ ಎಂಬ ವಚನಗಳೂ ಸಂಪುಟಗಳಲ್ಲಿವೆ. ಇನ್ನೊಂದು ವಿಚಿತ್ರವೆಂದರೆ ಅಂಕಿತದಲ್ಲಿರುವುದು ದೇವರ ಹೆಸರು, ಕವಿಯದಲ್ಲ. ಇದು ನನ್ನದು ಎನ್ನಲು ಹಾಕಿದ್ದಲ್ಲ, ಆದರೂ ನಮಗೆ ಅವರನ್ನು ಗುರುತಿಸಿಕೊಟ್ಟದ್ದು ಅದೇ.

ಹೆಸರು ಕತ್ತರಿಸುವವರ ಮೇಲೆ ಭಾರತದ ಕಾನೂನು ಈಗ ಕಣ್ಣಿಟ್ಟಿದೆ. ಕೃತಿಯ ಜೊತೆಗಿರುವ ಲೇಖಕರ ಹೆಸರು ಮುಂತಾದ ಗುರುತುಗಳನ್ನು ಗೊತ್ತಿದ್ದೂ ಅಧಿಕಾರವಿಲ್ಲದೆ ತೆಗೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ ಎಂದು 2012ರ ತಿದ್ದುಪಡಿ ಕಾಪಿರೈಟ್ ಕಾಯ್ದೆಗೆ 65ಬಿ ವಿಧಿಯನ್ನು ಸೇರಿಸಿತು. ಕಾಕತಾಳೀಯವೆಂದರೆ, ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಹಾಜರುಪಡಿಸಲು ಪ್ರಮಾಣಪತ್ರ ಬೇಕೆನ್ನುತ್ತಿದ್ದ ಹಳೆಯ ಸಾಕ್ಷ್ಯ ಕಾಯ್ದೆಯ ವಿಧಿಯ ಸಂಖ್ಯೆಯೂ 65ಬಿ. 2024ರ ಜುಲೈಯಿಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 63 ಆಗಿದೆ. ಒಂದು 65ಬಿ ದಾಖಲೆ ಎಲ್ಲಿಂದ ಬಂತೆಂದು ಕೇಳುವುದು, ಇನ್ನೊಂದು ಹೆಸರು ಎಲ್ಲಿ ಹೋಯಿತೆಂದು ಕೇಳುವುದು. ನಾನು ಮೇಲೆ ಹೇಳಿದ ಎರಡು ಪ್ರಶ್ನೆಗಳೂ ಒಂದೇ ಸಂಖ್ಯೆಯಡಿ ಕೆಲವು ವರ್ಷ ಬಾಳಿದವು.

‘ಗೊತ್ತಿದ್ದೂ’ ಎಂಬ ಮಾತನ್ನು ಹಿಡಿದುಕೊಂಡು ನಮ್ಮಂಥವರು ಪಾರಾಗಬಹುದು. ಹೆಸರು ಇಲ್ಲದೇ ಬಂತು, ಹಾಗೇ ಕಳಿಸಿದೆ. ಆದರೆ ಮುದ್ರಿತ ಸಂಚಿಕೆಗೆ ಆ ನೆಪ ಸಾಲದು ಎಂದು ಮಂಡಳಿಯಲ್ಲಿ ವಾದಿಸಿದೆ. ಈ ವರ್ಷದಿಂದ ಬರಹ ಕಳಿಸುವವರು ‘ಇದು ನನ್ನ ಸ್ವಂತ ರಚನೆ’ ಎಂದು ಕೆಳಗೆ ತಾವೇ ಟೈಪ್ ಮಾಡಿ ಹೆಸರು ಬರೆಯಬೇಕು. ಹಾಗೆ ಕೇಳಿದ ಮೇಲೆ ಬಂದ ಕವಿತೆಗಳ ಸಂಖ್ಯೆ ಕಡಿಮೆಯಾಗಿದೆ. ಓದುಗರಿಗೆ ಅದು ನಷ್ಟವೆಂದು ನನಗನಿಸುವುದಿಲ್ಲ.

‘ಊರಿನಿಂದ ಬಂದ ಪತ್ರ’ ವಿಭಾಗದಲ್ಲಿ ಮೂರು ಪತ್ರಗಳಿವೆ. ಮೂರಕ್ಕೂ ಬರೆದವರ, ಇಲ್ಲವೇ ಅವರ ಮಕ್ಕಳೆಲ್ಲರ ಒಪ್ಪಿಗೆ ಪಡೆದಿದ್ದೇವೆ. ಅಪ್ಪನ ಪತ್ರ ಅದರಲ್ಲಿಲ್ಲ. ತಮ್ಮ ಹೂಂ ಅಂದಿದ್ದಾನೆ. ಅಕ್ಕ, ಸಂಬಂಧದ ಆ ನಾಲ್ಕು ಸಾಲು ಬಿಟ್ಟು ಹಾಕುವುದಾದರೆ ಯೋಚಿಸುತ್ತೇನೆ ಎಂದಳು. ಆ ಸಾಲು ತೆಗೆದರೆ ಏಣಿ ಹಿಡಿದು ನಿಂತ ಅಪ್ಪನ ಮನಸ್ಸಿನಲ್ಲಿ ಏನಿತ್ತೆಂದು ಓದಿದವರಿಗೆ ಗೊತ್ತಾಗುವುದಿಲ್ಲ ಎಂದೆ. “ನಿನಗೆ ಗೊತ್ತುಂಟಲ್ಲ, ಸಾಕು” ಎಂದು ಫೋನ್ ಇಟ್ಟಳು. ಮುಂದಿನ ರಜೆಯಲ್ಲಿ ಡಬ್ಬಿಯನ್ನು ಪುತ್ತೂರಿಗೆ ತೆಗೆದುಕೊಂಡು ಹೋಗಬೇಕೆಂದಿದ್ದೇನೆ.